ಕಾಫಿ ಕಣದಲ್ಲಿ ಒಂಬತ್ತು ಟ್ರ್ಯಾಕು

ನಮ್ಮ ದೊಡ್ಡಮ್ಮ ಹಾಡುವ ನಾಟಿ ಪದ 88ರಲ್ಲಿ ಶುರುವಾಗಿ 97ಕ್ಕೆ ಮುಗಿಯುತ್ತದೆ. ನಿಮಿಷಕ್ಕೆ ಎಷ್ಟು ಹೊಡೆತ ಬೀಳುತ್ತದೆ ಅನ್ನುವ ಲೆಕ್ಕ ಅದು. ಬಿಪಿಎಂ ಅಂತೀವಿ. ಈ ಒಂಬತ್ತು ಹೊಡೆತ ಯಾಕೆ ಜಾಸ್ತಿ ಆಯಿತು ಅಂತ ತಿಳಿಯೋದಕ್ಕೆ ನಮಗೆ ಮೂರು ತಿಂಗಳು ಬೇಕಾಯಿತು. ಜಾನಪದವನ್ನೂ ಎಲೆಕ್ಟ್ರಾನಿಕ್ ಸಂಗೀತವನ್ನೂ ಸೇರಿಸಿ ನಾವು ಒಂದು ಆಲ್ಬಮ್ ಮಾಡುತ್ತಿದ್ದೆವು; ತಿಳಿದ ಮೇಲೆ ಅಲ್ಲಿಯವರೆಗೆ ಆಗಿದ್ದ ಅರ್ಧವನ್ನು ಬಿಚ್ಚಿ ಮತ್ತೆ ಕಟ್ಟಿದೆವು.

ನಾವು ಐದು ಜನ. ನಾನು ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಲೆಕ್ಕ ಬರೆಯುವವನು. ಮನೆ ಆಲ್ದೂರಿನ ಹತ್ತಿರ, ಜೊತೆಗೆ ಸ್ವಲ್ಪ ತೋಟ. ರಾತ್ರಿ ಊಟ ಆದ ಮೇಲೆ ಲ್ಯಾಪ್‌ಟಾಪ್ ಮುಂದೆ ಕೂತು ಆಂಬಿಯೆಂಟ್, ಡಬ್ ಥರದ ನಿಧಾನದ ಸಂಗೀತ ಮಾಡುತ್ತೇನೆ. ಹಾಸನದ ಗೆಳೆಯನದು ಸೌಂಡ್ಸ್ ಅಂಗಡಿ. ಗಣಪತಿ ಮೆರವಣಿಗೆ, ಮದುವೆ ರಿಸೆಪ್ಷನ್‌ಗೆ ಡಿಜೆ ಹೋಗುತ್ತಾನೆ, ಅವನಿಗೆ ಹೌಸ್ ಅನ್ನುವ ಕುಣಿತದ ಸಂಗೀತ ಅಂದರೆ ಪ್ರಾಣ. ಮೂಡಿಗೆರೆಯವನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ, ಡ್ರಮ್ ಆ್ಯಂಡ್ ಬೇಸ್ ಅನ್ನುವ ವೇಗದ ಸಂಗೀತ ಮಾಡುತ್ತಾನೆ. ಕಡೂರಿನವನದು ಟೆಕ್ನೋ, ಅದೂ ಯಂತ್ರದ ಬೀಟಿನ ಕುಣಿತದ ಸಂಗೀತವೇ. ಅವನ ತಂದೆ ವೀರಗಾಸೆ ತಂಡದಲ್ಲಿ ಒಡಪು, ಅಂದರೆ ಕುಣಿತದ ನಡುವೆ ಬರುವ ದೇವರ ಕಥೆಯ ಮಾತು, ಹೇಳುವ ಹಿರಿಯರು. ಐದನೆಯವಳು ಅರಕಲಗೂಡು ತಾಲ್ಲೂಕಿನವಳು, ಪಿಟೀಲು ನುಡಿಸುತ್ತಾಳೆ. ಅವಳ ಊರು ರುದ್ರಪಟ್ಟಣದ ಪಕ್ಕ. ಕಾವೇರಿ ದಡದ ಆ ಊರಿನಿಂದಲೇ ಅಲ್ವಾ ಆರ್.ಕೆ. ಶ್ರೀಕಂಠನ್, ಆರ್.ಕೆ. ಪದ್ಮನಾಭ ಅವರಂಥ ಗಾಯಕರೆಲ್ಲ ಬಂದದ್ದು. ತಂಬೂರಿ ಆಕಾರದಲ್ಲಿ ಗುಡಿ ಕಟ್ಟಿಕೊಂಡಿರುವ ಊರು. ಅಂಥ ಕಡೆ ಬೆಳೆದವಳಿಗೆ ಶ್ರುತಿ ಕೂದಲೆಳೆಯಷ್ಟು ಆಚೀಚೆ ಆದರೂ ತಡೆಯೋದಿಲ್ಲ. ಇದು ಮುಂದೆ ಬಹಳ ಸಹಾಯಕ್ಕೆ ಬಂತು.

ಆಗಸ್ಟ್ ತಿಂಗಳ ಮಳೆಯಲ್ಲಿ ಒಂದು ಭಾನುವಾರ ಎಲ್ಲರೂ ನಮ್ಮನೆಯಲ್ಲಿ ಸೇರಿದ್ದೆವು. ಅಲ್ಲೇ ಇದು ಶುರುವಾಯಿತು. ಒಂದೇ ಮಾತು ಮೊದಲೇ ಮಾಡಿಕೊಂಡೆವು. ಯಾವ ಟ್ರ್ಯಾಕನ್ನೂ ಒಬ್ಬರೇ ಮುಗಿಸಬಾರದು. ಶುರು ಮಾಡಿದವರು ಬಿಟ್ಟುಕೊಡಬೇಕು, ಇನ್ನೊಬ್ಬರು ಮುಗಿಸಬೇಕು. ಯಾರಿಗೆ ಯಾರು ಅಂತ ತೀರ್ಮಾನ ಮಾಡೋದಕ್ಕೆ ಖಾಲಿ ಕಾಫಿಪುಡಿ ಡಬ್ಬದಲ್ಲಿ ಚೀಟಿ ಹಾಕಿ ಎತ್ತಿದೆವು. ಪಿಟೀಲಿನವಳಿಗೆ ಹಾಸನದ ಡಿಜೆ ಬಂದ. ಕಡೂರಿನ ಟೆಕ್ನೋಗೆ ನಾನು. ಮೂಡಿಗೆರೆಯವನ ಚೀಟಿಯಲ್ಲಿ ನಮ್ಮ ದೊಡ್ಡಮ್ಮನ ಹೆಸರಿತ್ತು. ಅವರ ಹೆಸರು ಬರೆದು ಹಾಕಿದ್ದು ನಾನೇ. ನಾಟಿ ಕಾಲದಲ್ಲಿ ಅವರು ಹೇಳುವ ಪದಗಳನ್ನು ಚಿಕ್ಕಂದಿನಿಂದ ಕೇಳಿದ್ದೆ, ಅವು ಎಲ್ಲೂ ಉಳಿದಿಲ್ಲವಲ್ಲ ಅನ್ನುವ ಸಂಕಟ ಬಹಳ ವರ್ಷದಿಂದ ಇತ್ತು.

ಒಂದು ವಿಷಯದಲ್ಲಿ ಮಾತ್ರ ನನಗೆ ಹಟ ಇತ್ತು. ಇಂಥ ಬೆರಕೆ ಸಂಗೀತದಲ್ಲಿ ಜಾನಪದವನ್ನು ಎಲೆಯ ತುದಿಗೆ ಬಡಿಸಿದ ಉಪ್ಪಿನಕಾಯಿ ಮಾಡಿಬಿಡುತ್ತಾರೆ. ನಾಲ್ಕು ಸೆಕೆಂಡು ಒಂದು ಅಜ್ಜಿಯ ಧ್ವನಿ, ಅದನ್ನೇ ತಿರುಗಿಸಿ ಮುರುಗಿಸಿ ಹಾಕೋದು, ಕೆಳಗೆ ಎಲ್ಲ ಕಡೆ ಸಿಗುವ ಅದೇ ಬೀಟು. ಆ ಅಜ್ಜಿ ಏನು ಹೇಳುತ್ತಿದ್ದಳು, ಮುಂದಿನ ಸಾಲು ಏನು ಅಂತ ಯಾರಿಗೂ ಗೊತ್ತಿರುವುದಿಲ್ಲ. ನಾವು ಹಾಗೆ ಮಾಡೋದಾದರೆ ಮಾಡೋದೇ ಬೇಡ ಅಂದೆ. ಯಾರೂ ಬೇಡ ಅನ್ನಲಿಲ್ಲ.

ಮೊದಲ ಎರಡು ತಿಂಗಳು ಫೈಲು ಕಳಿಸೋದರಲ್ಲೇ ಹೋಯಿತು. ಒಬ್ಬೊಬ್ಬರದು ಒಂದೊಂದು ಸಾಫ್ಟ್‌ವೇರ್. ಹಾಸನದವನು ಎಫ್‌ಎಲ್ ಸ್ಟುಡಿಯೋ, ನಾನು ರೀಪರ್, ಮೂಡಿಗೆರೆಯವನು ಏಬಲ್ಟನ್. ಒಬ್ಬರ ಪ್ರಾಜೆಕ್ಟು ಇನ್ನೊಬ್ಬರಲ್ಲಿ ತೆರೆಯೋದಿಲ್ಲ. ಹಾಗಾಗಿ ಪ್ರತಿ ವಾದ್ಯವನ್ನೂ ಬೇರೆ ಬೇರೆ ವೇವ್ ಫೈಲು ಮಾಡಿ, ಎಲ್ಲವೂ ಸೊನ್ನೆಯಿಂದಲೇ ಶುರುವಾಗುವ ಹಾಗೆ ಕಳಿಸಬೇಕು. 24 ಬಿಟ್, 48 ಕಿಲೋಹರ್ಟ್ಸ್ ಸ್ಟೀರಿಯೋ ಅಂದರೆ ಐದು ನಿಮಿಷಕ್ಕೆ ಸುಮಾರು 86 ಎಂಬಿ. ಅಂಥವು ಇಪ್ಪತ್ತು ಆದರೆ 1.7 ಜಿಬಿ. ಆಲ್ದೂರಿನ ಮಳೆಗಾಲದ ಸಿಗ್ನಲ್‌ನಲ್ಲಿ ಅದು ಹೋಗುವ ಮಾತಲ್ಲ. ಕೊನೆಗೆ ಪೆನ್‌ಡ್ರೈವನ್ನು ಕವರಿಗೆ ಹಾಕಿ ಅಂಟಿಸಿ, ಚಿಕ್ಕಮಗಳೂರಿನಲ್ಲಿ ಬೇಲೂರು ಮೇಲೆ ಹೋಗುವ ಹಾಸನದ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದೆ. ಹಾಸನದ ಗೆಳೆಯ ಅಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ಕಾದು ಇಸ್ಕೊಳ್ಳುತ್ತಿದ್ದ. ಒಂದು ಪೆನ್‌ಡ್ರೈವೂ ಕಳೆದುಹೋಗಲಿಲ್ಲ. ಆ ಕಂಡಕ್ಟರುಗಳಿಗೆ ನಾವು ಋಣಿ.

ಡಿಸೆಂಬರಿನಲ್ಲಿ ಒಂದು ಎಡವಟ್ಟಾಯಿತು. ಪಿಟೀಲಿನವಳು ಹಂಸಧ್ವನಿಯಲ್ಲಿ ಐದು ನಿಮಿಷ ನುಡಿಸಿ ಕಳಿಸಿದ್ದಳು. ಹಾಸನದವನು ಅದಕ್ಕೆ ಹೌಸ್ ಬೀಟು ಕೂರಿಸಿ ಎಲ್ಲರಿಗೂ ಕಳಿಸಿದ. ನಮಗೆಲ್ಲ ಚೆನ್ನಾಗೇ ಇದೆ ಅನ್ನಿಸಿತು. ಹತ್ತು ನಿಮಿಷಕ್ಕೆ ಅವಳ ಫೋನು.

“ಇದು ನಾನಲ್ಲ.”

“ಅಂದ್ರೆ?”

“ನನ್ನ ಪಿಟೀಲೇ ಅಲ್ಲ ಇದು. ಶ್ರುತಿ ಮೇಲೆ ಹೋಗಿದೆ. ಕಮಾನು ಹೀಗೆ ಓಡಲ್ಲ ನಂದು. ಯಾರದು ಹಾಕಿದೀರಾ?”

ಹಾಸನದವನು ಏನೂ ಮುಟ್ಟಿಲ್ಲ ಅಂತ ಆಣೆ ಮಾಡಿದ. ಅವಳು ಬೇಸರದಲ್ಲಿ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಅವನೇ ಕಂಡುಹಿಡಿದ. ಅವಳು ಕಳಿಸಿದ ಟೇಕು ಸರಿಯಾಗಿ ಐದು ನಿಮಿಷ, ಅವನ ಪ್ರಾಜೆಕ್ಟಿನಲ್ಲಿ ಅದು 4 ನಿಮಿಷ 36 ಸೆಕೆಂಡಿಗೆ ಮುಗಿದುಹೋಗುತ್ತಿತ್ತು. ಅವಳು ರೆಕಾರ್ಡ್ ಮಾಡಿದ್ದು 44.1 ಕಿಲೋಹರ್ಟ್ಸ್‌ನಲ್ಲಿ, ಇವನ ಪ್ರಾಜೆಕ್ಟು 48. ಫೈಲು ಸೇರಿಸುವಾಗ ಬದಲಾಯಿಸುವ ಆಯ್ಕೆ ಒತ್ತಿರಲಿಲ್ಲ. ಹಾಗಾಗಿ ಒಂದು ಸೆಕೆಂಡಿಗೆ 44,100 ಚೂರು ಓದಬೇಕಾದ ಕಡೆ 48,000 ಓದಿಬಿಡುತ್ತಿತ್ತು. ವೇಗ ಶೇಕಡಾ 9ರಷ್ಟು ಜಾಸ್ತಿ, ಶ್ರುತಿ ಹಾರ್ಮೋನಿಯಂ ಮನೆಯ ಲೆಕ್ಕದಲ್ಲಿ ಸುಮಾರು ಮುಕ್ಕಾಲು ಮನೆ ಮೇಲೆ. ನಮ್ಮ ನಾಲ್ವರಲ್ಲಿ ಒಬ್ಬರ ಕಿವಿಗೂ ಅದು ಬಿದ್ದಿರಲಿಲ್ಲ. ಅವತ್ತಿನಿಂದ ಯಾವ ಮಿಕ್ಸೂ ಅವಳು ಒಮ್ಮೆ ಕೇಳದೆ ಮುಂದಕ್ಕೆ ಹೋಗಲಿಲ್ಲ.

ಈಗ ದೊಡ್ಡಮ್ಮನ ಕಡೆ ಬರುತ್ತೇನೆ.

ನಮ್ಮ ಪಕ್ಕದ ಎಸ್ಟೇಟಿನಲ್ಲಿ ಒಂದು ಹಳೇ ಗೋಡೌನಿದೆ. ಅದರ ಮುಂದೆ ಕಾಫಿ ಒಣಗಿಸುವ ಕಣ. ಅರವತ್ತು ಅಡಿ ಉದ್ದದ ಕಟ್ಟಡ, ಕಲ್ಲಿನ ಗೋಡೆ, ಮಂಗಳೂರು ಹೆಂಚು. ಅಕ್ಟೋಬರಿನಲ್ಲಿ ಹಳೇ ಕಾಫಿ ಎಲ್ಲ ಮಾರಿ ಆಗಿರುತ್ತದೆ, ಹೊಸ ಕೊಯ್ಲು ಇನ್ನೂ ಬಂದಿರುವುದಿಲ್ಲ. ಆಗ ಗೋಡೌನು ಖಾಲಿ. ಒಳಗೆ ಒಂದು ಚಪ್ಪಾಳೆ ತಟ್ಟಿದರೆ ಶಬ್ದ ಎರಡು ಸೆಕೆಂಡು ತೇಲಾಡುತ್ತದೆ. ಎಸ್ಟೇಟಿನವರನ್ನು ಕೇಳಿದ್ದಕ್ಕೆ ಬೀಗದ ಕೈಯನ್ನೇ ಕೊಟ್ಟರು.

ಮೊದಲು ಬಲೂನು ಒಡೆದೆವು. ಇದೊಂದು ಹಳೇ ಉಪಾಯ. ಕೋಣೆಯ ನಡುವೆ ದೊಡ್ಡ ಬಲೂನು ಒಡೆದು, ಆ ಶಬ್ದ ಗೋಡೆಗೆ ಬಡಿದು ಆರುವವರೆಗೂ ರೆಕಾರ್ಡ್ ಮಾಡಿಕೊಂಡರೆ ಆ ಕೋಣೆಯ ಪ್ರತಿಧ್ವನಿಯ ಅಚ್ಚೇ ಸಿಕ್ಕ ಹಾಗೆ. ಆಮೇಲೆ ಯಾವ ಶಬ್ದವನ್ನು ಬೇಕಾದರೂ ಕಂಪ್ಯೂಟರಿನಲ್ಲಿ ಆ ಅಚ್ಚಿಗೆ ಹಾಕಬಹುದು. ಬೆಂಗಳೂರಿನ ರೂಮಿನಲ್ಲಿ ಮಾಡಿದ ಸಿಂತು (ಸಿಂಥಸೈಸರ್) ಶಬ್ದ ಕೂಡ ಆಲ್ದೂರಿನ ಗೋಡೌನಿನಲ್ಲಿ ನುಡಿದ ಹಾಗೆ ಕೇಳುತ್ತದೆ. ಹನ್ನೆರಡು ಬಲೂನು ಒಡೆದೆವು. ಅದರಲ್ಲಿ ಜೀರುಂಡೆ ಸದ್ದು ಸೇರದೇ ಇದ್ದದ್ದು ಮೂರು. ಫೆಬ್ರವರಿಯಲ್ಲಿ ಮೂಟೆ ತುಂಬಿದ ಮೇಲೆ ಮತ್ತೆ ಹೋಗಿ ಒಡೆದೆವು. ಆಗ ಅದೇ ಕೋಣೆ ಹತ್ತಿ ತುರುಕಿದ ಹಾಗಿತ್ತು. ಗೋಣಿಚೀಲ, ಒಳಗಿನ ಕಾಫಿ ಎಲ್ಲ ಸೇರಿ ಶಬ್ದವನ್ನು ಹೀರಿಬಿಡುತ್ತವೆ. ಒಂದೇ ಗೋಡೌನು, ಎರಡು ಸ್ವಭಾವ. ಒಂಬತ್ತು ಟ್ರ್ಯಾಕುಗಳಿಗೂ ಈ ಎರಡರಲ್ಲಿ ಒಂದನ್ನು ಹಾಕಿದ್ದೇವೆ. ಬೇರೆ ಬೇರೆ ಶೈಲಿಯ ಟ್ರ್ಯಾಕುಗಳು ಒಂದೇ ಮನೆಯವು ಅನ್ನಿಸಲು ಅರ್ಧ ಕಾರಣ ಇದೇ ಅಂತ ನನ್ನ ನಂಬಿಕೆ.

ದೊಡ್ಡಮ್ಮ ಬಂದದ್ದು ಅಕ್ಟೋಬರಿನಲ್ಲಿ, ಗೋಡೌನು ಖಾಲಿ ಇದ್ದಾಗ, ಸಂಜೆ ನಾಲ್ಕಕ್ಕೆ. ಹೊಸ ಸೀರೆ ಉಟ್ಟುಕೊಂಡು ಬಂದಿದ್ದರು. ಹೆಡ್‌ಫೋನ್ ಹಾಕಿ ಕ್ಲಿಕ್ ಕೇಳಿಸಿದೆ.

“ಇದೇನೋ ತಲೆ ಒಳಗೆ ಟಿಕ್ ಟಿಕ್ ಅಂತದೆ?”

“ತಾಳ ದೊಡ್ಡಮ್ಮ. ಅದರ ಜೊತೆಗೆ ಹೇಳ್ಬೇಕು.”

“ಪದ ಹೇಳೋಕೆ ನಂಗೆ ಇದು ಬ್ಯಾಡ, ತಗಿ.”

ತೆಗೆದೆ. ಒಂದು ಮಣೆ ಹಾಕಿಕೊಂಡು ಕೂತರು. ಎರಡು ನಿಮಿಷ ಸುಮ್ನೆ ಇದ್ದರು. ಆಮೇಲೆ ಶುರು ಮಾಡಿದರು, 5 ನಿಮಿಷ 40 ಸೆಕೆಂಡು, ಎಲ್ಲೂ ತಡವರಿಸದೆ. ಹಾಡುವಾಗ ಬಲಗೈ ಮೊಣಕಾಲಿನ ಪಕ್ಕ ಗಾಳಿಯಲ್ಲಿ ಏನನ್ನೋ ಊರುತ್ತಲೇ ಇತ್ತು. ಮೂರು ಬೆರಳು ಸೇರಿಸಿ ಕೆಳಗೆ ಒತ್ತೋದು, ಎತ್ತೋದು, ಸ್ವಲ್ಪ ಪಕ್ಕಕ್ಕೆ ಸರಿಯೋದು, ಮತ್ತೆ ಒತ್ತೋದು. ನಾನು ಮೀಟರ್ ನೋಡುತ್ತಿದ್ದೆ. ಆ ಕೈಯನ್ನು ನೋಡಬೇಕಿತ್ತು.

ಅವರ ಶ್ರುತಿ ಐದೂವರೆ ಮನೆಗೂ ಆರು ಮನೆಗೂ ನಡುವೆ, ಸುಮಾರು 212 ಹರ್ಟ್ಸ್. ಕೀಬೋರ್ಡಿನಲ್ಲಿ ಅಂಥ ಮನೆಯೇ ಇಲ್ಲ. ಧ್ವನಿಯನ್ನು ಎಳೆದು ಕೀಬೋರ್ಡಿಗೆ ಕೂರಿಸೋಣ ಅಂತ ಮೊದಲು ನೋಡಿದೆವು. ಕೇಳಿದರೆ ಯಾರೋ ಬೇರೆ ಹೆಂಗಸು ಹಾಡಿದ ಹಾಗಿತ್ತು. ಬಿಟ್ಟೆವು. ಧ್ವನಿಯನ್ನು ಮುಟ್ಟದೆ ಸಿಂತುಗಳನ್ನೇ ಐದೂವರೆ ಮನೆಯಿಂದ 35 ಸೆಂಟು (ಅಕ್ಕಪಕ್ಕದ ಎರಡು ಕೀಗಳ ಅಂತರದ ನೂರರಲ್ಲಿ 35 ಭಾಗ) ಮೇಲಕ್ಕೆ ಶ್ರುತಿ ಮಾಡಿದೆವು. ಇದು ಸುಲಭವಾಗಿಯೇ ಆಯಿತು.

ತಾಳ ಮಾತ್ರ ಸುಲಭ ಆಗಲಿಲ್ಲ. ಡ್ರಮ್ ಆ್ಯಂಡ್ ಬೇಸ್‌ನ ಓಟ ಸಾಮಾನ್ಯವಾಗಿ 170ರಿಂದ 175ರ ಸುತ್ತ. ದೊಡ್ಡಮ್ಮನ 88ರ ಎರಡರಷ್ಟು ಅಂದರೆ 176. ಹಾಗಾಗಿ ಎರಡೂ ಚೆನ್ನಾಗಿ ಕೂಡುತ್ತವೆ ಅಂತ ಮೂಡಿಗೆರೆಯವನು ಖುಷಿಯಲ್ಲಿದ್ದ. ಆದರೆ ಪದ ಮುಂದೆ ಹೋದಂತೆ ವೇಗ ಏರುತ್ತಾ ಬಂತು. 90, 92, 95, ಕೊನೆಗೆ 97. ವಯಸ್ಸಾದವರು, ತಾಳ ತಪ್ಪಿದೆ ಅಂದುಕೊಂಡೆವು. ಅವನು ಇಡೀ ಹಾಡನ್ನು ಎಳೆದು, ಒತ್ತಿ, 88ಕ್ಕೆ ಸಮ ಮಾಡಿದ. ಮೂರು ವಾರದ ಕೆಲಸ. ತಪ್ಪು ಅನ್ನುವಂಥದ್ದು ಒಂದೂ ಇರಲಿಲ್ಲ, ಆದರೂ ಎರಡನೇ ನಿಮಿಷಕ್ಕೇ ಬೇಜಾರಾಗುತ್ತಿತ್ತು. ಬೀಟು ಬದಲಾಯಿಸಿದ, ಬೇಸ್ ಬದಲಾಯಿಸಿದ, ಏನೂ ಸರಿಹೋಗಲಿಲ್ಲ.

ಸಂಕ್ರಾಂತಿಯ ದಿನ ಎಳ್ಳು ಬೆಲ್ಲ ಕೊಡಲು ದೊಡ್ಡಮ್ಮನ ಮನೆಗೆ ಹೋಗಿದ್ದೆ. ಮೊಬೈಲಿನಲ್ಲಿ ಹಾಕಿ ಕೇಳಿಸಿದೆ. ಪೂರ್ತಿ ಕೇಳಿದರು.

“ಇದು ಗದ್ದೆ ಮುಗಿಯದೇ ಇಲ್ವಲ್ಲೋ,” ಅಂದರು.

“ಅಂದ್ರೆ ಏನು ದೊಡ್ಡಮ್ಮ?”

“ಗದ್ದೆ ಮುಗೀತಾ ಬಂದಂಗೆ ಕೈ ತಾನಾಗೇ ಓಡ್ತದೆ. ಕೈ ಓಡಿದ್ರೆ ಪದ ಹಿಂದೆ ಉಳೀತದಾ? ಇದ್ರಲ್ಲಿ ಎಲ್ರೂ ಇನ್ನೂ ಮೊದಲ್ನೇ ಸಾಲಲ್ಲೇ ನಿಂತವ್ರೆ.”

ಅವರ ಮನೆಯ ಜಗಲಿಯ ಮೇಲೆ ಕೂತೇ ಮೂಡಿಗೆರೆಯವನಿಗೆ ಫೋನು ಮಾಡಿದೆ. ಅವನು ಎಷ್ಟೋ ಹೊತ್ತು ಮಾತಾಡಲಿಲ್ಲ. ಆಮೇಲೆ “ಮೂರು ವಾರದ್ದು ಎಲ್ಲ ತೆಗೀತೀನಿ ಮಾರಾಯ” ಅಂದ.

ಹೊಸದಾಗಿ ಅವನು ಮಾಡಿದ್ದು ಇಷ್ಟು. ದೊಡ್ಡಮ್ಮನ ಧ್ವನಿಯನ್ನು ಮೊದಲಿದ್ದ ಹಾಗೆಯೇ ಇಟ್ಟ. ಐನೂರಕ್ಕೂ ಜಾಸ್ತಿ ಹೊಡೆತಗಳಿಗೆ ಒಂದೊಂದಾಗಿ ಕೈಯಲ್ಲೇ ಗುರುತು ಹಾಕಿದ. ಯಂತ್ರದ ತಾಳ ಆ ಗುರುತುಗಳ ಹಿಂದೆ ಹೋಗುವ ಹಾಗೆ ಮಾಡಿದ. ಈಗ ಡ್ರಮ್ಮು 176ರಲ್ಲಿ ಹೊರಟು 194ರಲ್ಲಿ ಮುಗಿಯುತ್ತದೆ. ನಡುವೆ ಅವರು ಉಸಿರು ತೆಗೆದುಕೊಳ್ಳುವ ಕಡೆ ಡ್ರಮ್ಮೂ ಒಂದು ಕೂದಲೆಳೆ ತಡೆಯುತ್ತದೆ. ಡ್ರಮ್ ಆ್ಯಂಡ್ ಬೇಸ್ ಕೇಳುವವರಿಗೆ ಇದು ವಿಚಿತ್ರ ಅನ್ನಿಸಬಹುದು, ಡಿಜೆಗಳಿಗೆ ಬೇರೆ ಹಾಡಿನ ಜೊತೆ ಸೇರಿಸಲು ಬರೋದಿಲ್ಲ. ಪರವಾಗಿಲ್ಲ. ಕೊನೆಯ ಒಂದು ನಿಮಿಷ ಕೇಳಿದರೆ ಈಗಲೂ ನನ್ನ ಮೈ ಜುಮ್ ಅನ್ನುತ್ತದೆ. ಗದ್ದೆ ಮುಗಿಯುತ್ತಾ ಬರುವುದು ಕಿವಿಗೆ ಕಾಣುತ್ತದೆ.

ಅದಾದ ಮೇಲೆ ಉಳಿದ ಟ್ರ್ಯಾಕುಗಳನ್ನೂ ಅದೇ ಕಿವಿಯಲ್ಲಿ ಮತ್ತೆ ಕೇಳಿದೆವು. ಎಲ್ಲೆಲ್ಲಿ ಮನುಷ್ಯರನ್ನು ಯಂತ್ರದ ಗೆರೆಗೆ ಎಳೆದು ಕಟ್ಟಿದ್ದೆವೋ ಅಲ್ಲೆಲ್ಲ ಬಿಚ್ಚಿದೆವು.

ವೀರಗಾಸೆಯ ರೆಕಾರ್ಡಿಂಗ್ ಫೆಬ್ರವರಿಯಲ್ಲಿ. ಗೋಡೌನು ತುಂಬಿದ್ದಾಗಲೇ ಬೇಕು ಅಂತ ಕಾದಿದ್ದೆವು, ಯಾಕೆಂದರೆ ಸಮಾಳದಂಥ ಜೋರು ವಾದ್ಯ ಖಾಲಿ ಕೋಣೆಯಲ್ಲಿ ಬರೀ ಗದ್ದಲ ಆಗುತ್ತದೆ. ಕಡೂರಿನಿಂದ ಏಳು ಜನ ಜೀಪಿನಲ್ಲಿ ಬಂದರು. ಚಪ್ಪಲಿ ಹೊರಗೆ ಬಿಟ್ಟು, ಮೂಟೆಗಳ ನಡುವೆ ದೀಪ ಹಚ್ಚಿ, ಕಾಯಿ ಒಡೆದ ಮೇಲೆಯೇ ವಾದ್ಯ ಮುಟ್ಟಿದ್ದು. ನಮ್ಮ ಗೆಳೆಯನ ತಂದೆ ನನ್ನನ್ನು ಕರೆದು ಕೂರಿಸಿಕೊಂಡರು.

“ನೋಡಪ್ಪಾ, ವಾದ್ಯ ನೀವು ಹೆಂಗಾದ್ರೂ ಬಳಸ್ಕೊಳ್ಳಿ. ಒಡಪು ಮಾತ್ರ ಅರ್ಧಕ್ಕೆ ಕತ್ತರಿಸಬ್ಯಾಡಿ. ದೇವರ ಮಾತು ಅದು. ಹೇಳಿದ್ರೆ ಪೂರ್ತಿ ಹೇಳ್ಬೇಕು.”

“ಆಗ್ಲಿ ಯಜಮಾನ್ರೇ, ಕತ್ತರಿಸಲ್ಲ” ಅಂದೆ.

ಮೊದಲ ಹೊಡೆತಕ್ಕೇ ರೆಕಾರ್ಡರಿನ ಕೆಂಪು ದೀಪ ಹತ್ತಿಕೊಂಡು ಆರಲೇ ಇಲ್ಲ. ಮೈಕನ್ನು ಹಿಂದಕ್ಕೆ ಹಿಂದಕ್ಕೆ ಒಯ್ದು, ಕೊನೆಗೆ ಹದಿನೈದು ಅಡಿ ದೂರದಲ್ಲಿ ಮೂಟೆಯ ಮೇಲೆ ಇಟ್ಟಾಗ ಸರಿಯಾಯಿತು. ಸಮಾಳ, ಕರಡೆ, ತಾಳ ಎಲ್ಲ ಒಟ್ಟಿಗೆ ಏರಿ ಏರಿ ಹೋಗಿ ತಟ್ಟನೆ ನಿಂತವು. ನಿಶ್ಶಬ್ದ. ಹಿರಿಯರು ಒಡಪು ಎತ್ತಿದರು, ದಕ್ಷಯಜ್ಞದ ಕಥೆ. ಬರೀ ಧ್ವನಿ, ಒಂದು ವಾದ್ಯವೂ ಇಲ್ಲ. ಒಂದೊಂದು ಸಾಲಿಗೂ ಬಿಗಿ ಜಾಸ್ತಿಯಾಗುತ್ತಾ ಹೋಯಿತು. ಕೊನೆಯ ಮಾತು ಬಿದ್ದ ಕ್ಷಣಕ್ಕೆ ಎಲ್ಲ ವಾದ್ಯಗಳೂ ಒಟ್ಟಿಗೆ ಧುಮುಕಿದವು. ಹಾಸನದವನು ನನ್ನ ರಟ್ಟೆ ಹಿಡಿದುಕೊಂಡಿದ್ದ.

“ಇದು ಡ್ರಾಪ್ ಅಲ್ವಾ ಗುರು! ನಾವು ವರ್ಷಗಟ್ಟಲೆ ಸಿಂತಿನಲ್ಲಿ ಮಾಡ್ತಿರೋದು ಇದನ್ನೇ ಅಲ್ವಾ!”

ಹೌದು. ಕುಣಿತದ ಸಂಗೀತದಲ್ಲಿ ಬೀಟನ್ನು ಪೂರ್ತಿ ನಿಲ್ಲಿಸಿ, ಜನರನ್ನು ಕಾಯಿಸಿ, ಮತ್ತೆ ಒಮ್ಮೆಗೇ ಬಿಡುವುದನ್ನು ಡ್ರಾಪ್ ಅನ್ನುತ್ತಾರೆ. ಅದು ಈ ಮೂಟೆಗಳ ನಡುವೆ ನಮ್ಮ ಮುಂದೆಯೇ ಆಗಿತ್ತು. ಹಾಗಾಗಿ ಆ ಟ್ರ್ಯಾಕಿಗೆ ನಾವು ಹೊಸದಾಗಿ ರಚನೆ ಅಂತ ಏನೂ ಹುಡುಕಲಿಲ್ಲ. ವೀರಗಾಸೆ ಎಲ್ಲಿ ನಿಲ್ಲುತ್ತದೋ ಟೆಕ್ನೋ ಅಲ್ಲಿ ನಿಲ್ಲುತ್ತದೆ, ಒಡಪು ಪೂರ್ತಿ ಆಗುವವರೆಗೆ ಕಾಯುತ್ತದೆ. ಟೆಕ್ನೋ ಟ್ರ್ಯಾಕಿನಲ್ಲಿ ಒಂದೂವರೆ ನಿಮಿಷ ಬೀಟೇ ಇಲ್ಲ. ಅಷ್ಟು ಉದ್ದ ಬಿಡೋದು ಸರಿಯಾ ಅಂತ ಮಗನಿಗೇ ಅನುಮಾನ ಇತ್ತು, ಆದರೆ ಮಾತು ಕೊಟ್ಟಾಗಿತ್ತು. ಈಗ ಅದೇ ನಮ್ಮ ಆಲ್ಬಮ್ಮಿನ ಅತ್ಯಂತ ಬಿಗಿಯಾದ ಜಾಗ.

ತಾಂತ್ರಿಕವಾಗಿ ಒಂದು ಮಾತು ಹೇಳಲೇಬೇಕು. ಟೆಕ್ನೋ ಬೀಟಿನ ದಪ್ಪ ಹೊಡೆತವಾದ ಕಿಕ್ ಡ್ರಮ್ಮಿಗೂ ಸಮಾಳದ ದಪ್ಪ ಮುಖಕ್ಕೂ ಜಗಳ ಆಗುತ್ತಿತ್ತು, ಎರಡೂ ಕೆಳಗಿನ ಶಬ್ದವೇ. ಸಾಮಾನ್ಯವಾಗಿ ಎಲೆಕ್ಟ್ರಾನಿಕ್ ಸಂಗೀತದಲ್ಲಿ ಸೈಡ್‌ಚೈನ್ ಹಾಕಿ, ಕಿಕ್ ಬಂದಾಗಲೆಲ್ಲ ಉಳಿದದ್ದು ತಗ್ಗುವ ಹಾಗೆ ಮಾಡುತ್ತಾರೆ. ನಾವು ತಿರುಗಿಸಿ ಹಾಕಿದೆವು. ಸಮಾಳ ಹೊಡೆದಾಗ ಕಿಕ್ ತಗ್ಗುತ್ತದೆ. ಕೇಳುವವರಿಗೆ ಇದು ಗೊತ್ತಾಗದೇ ಇರಬಹುದು, ಸಮಾಳದ ಚರ್ಮದ ಗುಂಯ್ ಅನ್ನುವ ಬಾಲ ಮಾತ್ರ ಪೂರ್ತಿ ಕೇಳಿಸುತ್ತದೆ.

ಪಿಟೀಲಿನ ಟ್ರ್ಯಾಕಿನ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ, ಫೈಲಿನ ಗೋಜಲು ಬಿಡಿಸಿದ ಮೇಲೆ ಅದು ತಾನಾಗೇ ಆಯಿತು. ತೋಡಿ ಕೇಳಿದ್ದೆವು, ಅವಳು ಒಪ್ಪಲಿಲ್ಲ. “ಅದರ ಗಾಂಧಾರ ಒಂದು ಕಡೆ ನಿಲ್ಲಲ್ಲ, ನಿಮ್ಮ ಸಿಂತು ನಿಂತೇ ಇರುತ್ತೆ” ಅಂದಳು. ಹಂಸಧ್ವನಿ ಅವಳದೇ ಆಯ್ಕೆ. ಹಾಸನದವನು ಕೆಳಗೆ ಟಿಬಿ-303 ಥರದ ಬೇಸ್ ಹಾಕಿದ, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಆ ಹಳೇ ಮೆಷಿನ್ನಿನ ಶಬ್ದ. ಮುಂಬೈನ ಚರಣ್‌ಜಿತ್ ಸಿಂಗ್ 1982ರಲ್ಲೇ ಆ ಮೆಷಿನ್ನಿನಲ್ಲಿ ರಾಗಗಳನ್ನು ನುಡಿಸಿ ರೆಕಾರ್ಡ್ ತಂದಿದ್ದರು ಅಂತ ನಾನು ಹೇಳಿದಾಗ ಅವಳು ಕೂತು ಪೂರ್ತಿ ಕೇಳಿದಳು. ಅವಳ ಮನೆಯಲ್ಲಿ ಮಾತ್ರ ಸ್ವಲ್ಪ ಗಲಾಟೆ ಆಗಿತ್ತು. ಎಲೆಕ್ಟ್ರಾನಿಕ್ ಅಂದರೆ ನಮ್ಮ ಸಂಗೀತ ಕೆಡುತ್ತದೆ ಅಂತ ಅವರ ಚಿಕ್ಕಪ್ಪನ ಅಭಿಪ್ರಾಯ. ಅವಳು ಅವರಿಗೆ ತನ್ನ ಶ್ರುತಿಪೆಟ್ಟಿಗೆ ತೋರಿಸಿದಳಂತೆ. ಬೆಂಗಳೂರಿನ ಜಿ. ರಾಜ್ ನಾರಾಯಣ್ 1970ರ ದಶಕದ ಕೊನೆಯಲ್ಲಿ ಎಲೆಕ್ಟ್ರಾನಿಕ್ ತಂಬೂರಿ ಮಾಡಿದ್ದರಿಂದಲೇ ಅಲ್ವಾ ಇವತ್ತು ನಮ್ಮ ಮನೆಗಳಲ್ಲಿ ಬೆಳಗ್ಗೆ ಎದ್ದು ಗುಂಡಿ ಒತ್ತಿ ಸಾಧನೆ ಮಾಡುವುದು. ಚಿಕ್ಕಪ್ಪ ಒಪ್ಪಿದರು. ಬಿಡುಗಡೆಯ ದಿನ ಮೊದಲು ಫೋನ್ ಮಾಡಿದ್ದೂ ಅವರೇ.

ಆಲ್ಬಮ್ಮಿಗೆ ‘ಕಣ’ ಅಂತ ಹೆಸರಿಟ್ಟಿದ್ದೇವೆ. ನಾನು ಮಾಡಿದ ಒಂದು ಟ್ರ್ಯಾಕಿನಲ್ಲಿ ಕಣದಲ್ಲಿ ಒಣಹಾಕಿದ ಕಾಫಿಯನ್ನು ಮರದ ಹಲಗೆಯಲ್ಲಿ ಎಳೆಯುವ ಶಬ್ದ ಇದೆ. ಬೆಳಗ್ಗೆ ಹತ್ತರ ಬಿಸಿಲಿಗೆ ಅದು ಸರ್ ಅನ್ನುತ್ತದೆ, ಕೆಲವು ದಿನ ಕಳೆದ ಮೇಲೆ ಅದೇ ಕಾಫಿ ಗಲಗಲ ಅನ್ನುತ್ತದೆ. ಒಣಗಿದ್ದು ಕಿವಿಗೇ ತಿಳಿಯುತ್ತದೆ. ಆ ಶಬ್ದವನ್ನು ಸೆಕೆಂಡಿನ ಮೂವತ್ತನೇ ಒಂದು ಭಾಗದಷ್ಟು ಸಣ್ಣ ಚೂರು ಮಾಡಿ, ಸಾವಿರಾರು ಚೂರು ಹರಡಿ ಮತ್ತೆ ಹೆಣೆಯುವ ವಿಧಾನವೊಂದಿದೆ, ಗ್ರಾನ್ಯುಲರ್ ಸಿಂಥೆಸಿಸ್ ಅಂತ. ಆ ಚೂರುಗಳೂ ಕಣಗಳೇ. ಒಂದೇ ಮಾತಿನಲ್ಲಿ ಎರಡೂ ಬಂತು.

ಇನ್ನು ಹಣದ ವಿಷಯ. ಇದನ್ನು ಬರೆಯದಿದ್ದರೆ ಉಳಿದದ್ದನ್ನು ಬರೆದು ಪ್ರಯೋಜನ ಇಲ್ಲ. ಡ್ರಮ್ ಆ್ಯಂಡ್ ಬೇಸ್ ಅನ್ನುವ ಶೈಲಿ ಬಹುಮಟ್ಟಿಗೆ ಬೆಳೆದಿರುವುದು 1969ರ ಒಂದು ಅಮೆರಿಕನ್ ರೆಕಾರ್ಡಿನಲ್ಲಿ ಇರುವ ಸುಮಾರು ಆರು ಸೆಕೆಂಡಿನ ಡ್ರಮ್ ತುಣುಕಿನ ಮೇಲೆ. ಸಾವಿರಾರು ಜನ ಅದನ್ನು ಕತ್ತರಿಸಿ ಬಳಸಿದರು. ಅದನ್ನು ಬಾರಿಸಿದ ಗ್ರೆಗರಿ ಕೋಲ್ಮನ್‌ಗೆ ಅದರಿಂದ ರಾಯಲ್ಟಿ ಬರಲಿಲ್ಲ. 2006ರಲ್ಲಿ ಅವರು ತೀರಿಕೊಂಡಾಗ ಅವರಿಗೆ ಇರಲು ಮನೆಯೂ ಇರಲಿಲ್ಲ. ಮೂಡಿಗೆರೆಯವನು ಈ ಕಥೆಯನ್ನು ಮೊದಲ ಭಾನುವಾರವೇ ಹೇಳಿದ್ದ. ಹಾಗಾಗಿ ಲೆಕ್ಕ ಬರೆಯುವ ಕೆಲಸ ನನಗೆ ಬಂತು.

ಪದ ಪರಂಪರೆಯದು, ಅದರ ಮೇಲೆ ಯಾರಿಗೂ ಹಕ್ಕು ಇಲ್ಲ. ಆದರೆ ಹಾಡಿದವರಿಗೆ, ನುಡಿಸಿದವರಿಗೆ ಹಕ್ಕು ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಕಲಾವಿದರ ಹಕ್ಕು ಅಂತಲೇ ಬೇರೆ ಇದೆ, 50 ವರ್ಷದ ಅವಧಿಗೆ. 2012ರ ತಿದ್ದುಪಡಿಯಲ್ಲಿ ಅದು ಇನ್ನೂ ಗಟ್ಟಿಯಾಯಿತು. ಕನ್ನಡದಲ್ಲಿ ಒಂದು ಪುಟದ ಕರಾರು ಬರೆದು, ವೀರಗಾಸೆ ತಂಡಕ್ಕೆ ಗೋಡೌನಿನಲ್ಲೇ ಗಟ್ಟಿಯಾಗಿ ಓದಿ ಹೇಳಿದೆ. ಅವತ್ತಿನ ಸಂಭಾವನೆ ಅವತ್ತೇ ಕೈಗೆ. ಮುಂದೆ ಆ ಟ್ರ್ಯಾಕಿನಿಂದ ಬಂದದ್ದರಲ್ಲಿ ಅರ್ಧ ತಂಡಕ್ಕೆ. ದೊಡ್ಡಮ್ಮನದೂ ಹಾಗೆಯೇ. ಅವರು ಕಾಗದ ಓದಿಸಿಕೊಂಡು “ಪದಕ್ಕೆ ದುಡ್ಡು ತಗಂಡ್ರೆ ಊರವ್ರು ಏನಂತಾರೋ” ಅಂದರು. ಪದಕ್ಕಲ್ಲ ದೊಡ್ಡಮ್ಮ, ನಿನ್ನ ಧ್ವನಿಗೆ ಅಂದೆ. ಸ್ವಲ್ಪ ಯೋಚನೆ ಮಾಡಿ ಸಹಿ ಹಾಕಿದರು.

ಮಿಕ್ಸಿಂಗನ್ನು ಹಾಸನದವನ ಅಂಗಡಿಯಲ್ಲಿ ಮುಗಿಸಿದೆವು. ದೊಡ್ಡ ಸ್ಪೀಕರಿನಲ್ಲಿ, ಕಾರಿನಲ್ಲಿ, ಮೊಬೈಲಿನಲ್ಲಿ, ಮೂರರಲ್ಲೂ ಕೇಳಿ. ಮೊಬೈಲಿನ ಸ್ಪೀಕರಿಗೆ 50 ಹರ್ಟ್ಸ್ ಬೇಸ್ ಬರೋದೇ ಇಲ್ಲ. ಅದಕ್ಕೆ ಸ್ವಲ್ಪ ಒರಟು ಸೇರಿಸಿದರೆ ಮೇಲಿನ ಸ್ವರಗಳಾದರೂ ಕೇಳಿಸಿ ಬೇಸ್ ಇದೆ ಅಂತ ಕಿವಿ ನಂಬುತ್ತದೆ. ಎಷ್ಟು ಜೋರು ಇಡಬೇಕು ಅಂತ ಒಂದು ರಾತ್ರಿ ವಾದ ಆಯಿತು. ಕೇಳುವ ಆ್ಯಪ್‌ಗಳು ಹೇಗೂ ಜೋರನ್ನು ತಗ್ಗಿಸಿಬಿಡುತ್ತವೆ, ಮತ್ತೆ ಒಡಪಿನ ಆಮೇಲಿನ ಹೊಡೆತಕ್ಕೆ ಜಾಗ ಬೇಕು. ಹಾಗಾಗಿ ಮೈನಸ್ 14 ಲಫ್ಸ್‌ನ ಹತ್ತಿರ ಇಟ್ಟೆವು, ಲಫ್ಸ್ ಅಂದರೆ ಜೋರನ್ನು ಅಳೆಯುವ ಮಾನ. ಪ್ರತಿ ಟ್ರ್ಯಾಕಿಗೂ ರೆಕಾರ್ಡಿಂಗನ್ನು ಗುರುತಿಸುವ 12 ಅಕ್ಷರದ ಐಎಸ್‌ಆರ್‌ಸಿ ಸಂಖ್ಯೆ, ಕನ್ನಡದಲ್ಲೇ ಹೆಸರು. ಅಕ್ಟೋಬರಿನಲ್ಲಿ ಹೊರಗೆ ಬಂತು. ಶುರು ಮಾಡಿ 14 ತಿಂಗಳಾಗಿತ್ತು.

ಅದೇ ವಾರ ಕಣದಲ್ಲೇ ಎಲ್ಲರನ್ನೂ ಕೂರಿಸಿ ಕೇಳಿಸಿದೆವು. ಹಾಸನದಿಂದ ಸ್ಪೀಕರು ಬಂತು. ದೊಡ್ಡಮ್ಮ ತಮ್ಮ ಪದ ಬಂದಾಗ ತಲೆ ಎತ್ತಲಿಲ್ಲ. ಕೊನೆಯ ನಿಮಿಷದಲ್ಲಿ ಅವರ ಬಲಗೈ ಮಡಿಲಲ್ಲಿ ಮತ್ತೆ ಊರಲು ಶುರು ಮಾಡಿತು. ಈ ಸಲ ನಾನು ಅದನ್ನೇ ನೋಡುತ್ತಿದ್ದೆ.

ಎಲ್ಲ ಮುಗಿದು ಊಟಕ್ಕೆ ಏಳುವಾಗ ಕಡೂರಿನ ಹಿರಿಯರು ಪೆನ್‌ಡ್ರೈವ್ ಹಿಡಿದು ಬಂದರು.

“ಇದ್ರಲ್ಲಿ ನನ್ನ ಒಡಪು ತೆಗೆದು, ಆ ಜಾಗ ಖಾಲಿ ಬಿಟ್ಟು ಹಾಕ್ಕೊಡೋಕೆ ಆಗ್ತದಾ?”

“ಯಾಕೆ ಯಜಮಾನ್ರೇ?”

“ನಮ್ಮ ಹುಡುಗ್ರು ಕಲೀತಾವ್ರೆ. ವಾದ್ಯದವರು ದಿನಾ ಸಿಗಲ್ಲ. ಇದನ್ನ ಹಾಕ್ಕೊಂಡ್ರೆ ಒಡಪು ಹೇಳಿ ಅಭ್ಯಾಸ ಮಾಡ್ತಾರೆ.”

ಮಾರನೇ ದಿನ ಮಾಡಿ ಕಳಿಸಿದೆ. ಒಂದೂವರೆ ನಿಮಿಷ ಖಾಲಿ, ಆಮೇಲೆ ಎಲ್ಲ ವಾದ್ಯ. ಎರಡು ದಿನಕ್ಕೆ ಅವರ ಮಗನ ಫೋನು ಬಂತು. ಹೊಸ ಹುಡುಗರು ನಿಧಾನಕ್ಕೆ ಹೇಳುತ್ತಾರಂತೆ, ಅಷ್ಟು ಸಾಲದು, ಎರಡೂವರೆ ನಿಮಿಷ ಬೇಕಂತೆ. ಪ್ರಾಜೆಕ್ಟು ಮತ್ತೆ ತೆರೆದು ಒಂದು ನಿಮಿಷ ಸೇರಿಸಿದೆ.